ಇನ್‌ವರ್ಡ್ ಆಗದ ಇಮೇಲ್: ಅಮೆರಿಕ ಸರ್ಕಾರ ತನ್ನದೇ ವಿಜ್ಞಾನವನ್ನು ಕಡತದಿಂದ ತೆಗೆದದ್ದು ಯಾಕೆ?

2026ರ ಫೆಬ್ರವರಿ 12ರಂದು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ, ಅಂದರೆ ಇಪಿಎ, ತಾನೇ 2009ರಲ್ಲಿ ಬರೆದಿದ್ದ ಒಂದು ತೀರ್ಮಾನವನ್ನು ರದ್ದು ಮಾಡಿತು. ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್‌ನಂಥ ಹಸಿರುಮನೆ ಅನಿಲಗಳಿಂದ ಜನರಿಗೆ ಅಪಾಯ ಇದೆ ಎಂಬುದೇ ಆ ತೀರ್ಮಾನ. ಅದರ ಹೆಸರು ಎಂಡೇಂಜರ್‌ಮೆಂಟ್ ಫೈಂಡಿಂಗ್. ಕನ್ನಡದಲ್ಲಿ ಅಪಾಯ ನಿರ್ಣಯ ಅನ್ನೋಣ. ಸುದ್ದಿ ಓದಿದ ಕೂಡಲೇ ಮನಸ್ಸಿಗೆ ಬರುವ ಪ್ರಶ್ನೆ: ಹಾಗಾದರೆ ಭೂಮಿ ಬಿಸಿಯಾಗುತ್ತಿಲ್ಲ ಎಂದು ಅಮೆರಿಕ ಸರ್ಕಾರ ಬರೆದುಕೊಟ್ಟಿತಾ?

ಹಾಗೆ ಬರೆದುಕೊಟ್ಟಿಲ್ಲ. ಆದೇಶದ ತಿರುಳು ಇಷ್ಟು: "ಇದು ನಮ್ಮ ಕೆಲಸ ಅಲ್ಲ, ಕಾನೂನು ನಮಗೆ ಈ ಅಧಿಕಾರ ಕೊಟ್ಟಿಲ್ಲ." ಆದರೆ ಇದೇ ಸರ್ಕಾರದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ನಿಂತು, ಹವಾಮಾನ ಬದಲಾವಣೆ ಎಂಬುದು ಜಗತ್ತಿಗೆ ಮಾಡಿದ ಅತಿ ದೊಡ್ಡ ಮೋಸ ಎಂದಿದ್ದರು. ವೇದಿಕೆಯ ಮೇಲೆ ಒಂದು ಮಾತು, ಕಡತದಲ್ಲಿ ಇನ್ನೊಂದು. ಗೊಂದಲ ಆಗುವುದು ಇಲ್ಲೇ. ಯಾಕೆ ಹೀಗೆ ಎಂದು ತಿಳಿಯಬೇಕಾದರೆ, ಸರ್ಕಾರಿ ಕಚೇರಿಯೊಳಗೆ ನಿರಾಕರಣೆ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಅದು ಭಾಷಣದಲ್ಲಿ ಕೇಳಿಸುವಂಥದ್ದಲ್ಲ.

ಒಂದು ಸಹಿಗೆ ಅಷ್ಟು ತೂಕ ಯಾಕೆ?

ಅಮೆರಿಕದ ಶುದ್ಧ ಗಾಳಿ ಕಾಯ್ದೆ 1970ರದ್ದು. ಅದರ 202ನೇ ಸೆಕ್ಷನ್ ವಾಹನಗಳ ಹೊಗೆಯ ಬಗ್ಗೆ ಇದೆ. ಹೊಗೆಯಲ್ಲಿರುವ ಯಾವುದಾದರೂ ವಸ್ತು ಜನರ ಆರೋಗ್ಯಕ್ಕೋ ಕ್ಷೇಮಕ್ಕೋ ಅಪಾಯ ತರಬಹುದು ಎಂದು ಇಪಿಎ ಮುಖ್ಯಸ್ಥರು ತೀರ್ಮಾನಿಸಿದರೆ, ಅದಕ್ಕೆ ಮಿತಿ ಹಾಕಬೇಕು. ನಮ್ಮ ಕಾಯ್ದೆಗಳ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ "ಹಾಕಬಹುದು" ಅಂತಿಲ್ಲ, "ಹಾಕತಕ್ಕದ್ದು" ಅಂತಿದೆ. ಎಲ್ಲ ಜಗಳದ ಬೇರು ಈ "ತಕ್ಕದ್ದು". ಒಮ್ಮೆ "ಅಪಾಯ ಇದೆ" ಎಂದು ಕಡತದಲ್ಲಿ ಬರೆದು ಸಹಿ ಹಾಕಿದರೆ, ಆಮೇಲೆ ಸುಮ್ನೆ ಕೂರುವ ಹಾಗಿಲ್ಲ.

ಇಂಗಾಲದ ಡೈಆಕ್ಸೈಡ್ ಅನ್ನು ಈ ಕಾಯ್ದೆಯಡಿ ತನ್ನಿ ಎಂದು 1999ರಲ್ಲಿ ಕೆಲವು ಸಂಘಟನೆಗಳು ಅರ್ಜಿ ಹಾಕಿದವು. 2003ರಲ್ಲಿ, ಜಾರ್ಜ್ ಬುಷ್ ಕಾಲದಲ್ಲಿ, ಇಪಿಎ ಆಗುವುದಿಲ್ಲ ಎಂದಿತು. ಮ್ಯಾಸಚೂಸೆಟ್ಸ್ ಮತ್ತು ಇನ್ನೂ ಹಲವು ರಾಜ್ಯಗಳು ಕೋರ್ಟಿಗೆ ಹೋದವು. 2007ರ ಏಪ್ರಿಲ್ 2ರಂದು ಸುಪ್ರೀಂ ಕೋರ್ಟ್ 5–4ರ ತೀರ್ಪು ಕೊಟ್ಟಿತು. ಹಸಿರುಮನೆ ಅನಿಲಗಳು ಈ ಕಾಯ್ದೆಯ ಅರ್ಥದಲ್ಲಿ ಮಾಲಿನ್ಯಕಾರಕಗಳೇ, ಅವುಗಳಿಂದ ಅಪಾಯ ಇದೆಯೋ ಇಲ್ಲವೋ ಎಂಬುದನ್ನು ಇಪಿಎ ವಿಜ್ಞಾನದ ಆಧಾರದ ಮೇಲೆ ಹೇಳಬೇಕು, ರಾಜಕೀಯ ಕಾರಣ ಕೊಟ್ಟು ಜಾರಿಕೊಳ್ಳುವ ಹಾಗಿಲ್ಲ. ತೀರ್ಪಿನ ಸಾರ ಇಷ್ಟು.

ಯಾರೂ ತೆರೆಯದ ಇಮೇಲ್

ತೀರ್ಪು ಬಂದ ಮೇಲೆ ಇಪಿಎ ಸಿಬ್ಬಂದಿ ಕೆಲಸಕ್ಕೆ ಕೂತರು. ಆಗ ಮುಖ್ಯಸ್ಥರಾಗಿದ್ದವರು ಬುಷ್ ಅವರೇ ನೇಮಿಸಿದ ಸ್ಟೀಫನ್ ಜಾನ್ಸನ್. ತಿಂಗಳುಗಟ್ಟಲೆ ದುಡಿದು ಸಿದ್ಧ ಮಾಡಿದ ಕರಡು "ಅಪಾಯ ಇದೆ" ಎಂದೇ ಹೇಳುತ್ತಿತ್ತು. 2007ರ ಡಿಸೆಂಬರ್‌ನಲ್ಲಿ ಇಪಿಎಯ ಹಿರಿಯ ಅಧಿಕಾರಿ ಜೇಸನ್ ಬರ್ನೆಟ್ ಅದನ್ನು ಶ್ವೇತಭವನದ ಬಜೆಟ್ ಕಚೇರಿಗೆ ಇಮೇಲ್ ಮಾಡಿದರು.

ಅಲ್ಲಿನವರು ಅದನ್ನು ತೆರೆಯಲಿಲ್ಲ. ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು. "ತಪ್ಪಿ ಕಳುಹಿಸಿದ್ದೇವೆ ಎಂದು ಇನ್ನೊಂದು ಮೇಲ್ ಹಾಕಿ" ಎಂದು ಬರ್ನೆಟ್ ಅವರನ್ನು ಕೇಳಿದರು. ತಪ್ಪಿ ಕಳುಹಿಸಿರಲಿಲ್ಲವಲ್ಲ, ಹಾಗಾಗಿ ಬರ್ನೆಟ್ ಒಪ್ಪಲಿಲ್ಲ. ಮುಂದಿನ ವರ್ಷ ಕೆಲಸ ಬಿಟ್ಟ ಮೇಲೆ ಅವರು ಈ ವಿಷಯವನ್ನು ಅಮೆರಿಕದ ಸಂಸತ್ತಿಗೆ ತಿಳಿಸಿದರು. ಕರಡು ಮಾತ್ರ ಹಾಗೇ ಉಳಿಯಿತು.

ನಮ್ಮ ತಾಲ್ಲೂಕು ಕಚೇರಿಗಳ ಬಾಗಿಲು ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿ ತೆಗೆದುಕೊಳ್ಳಲು ಗುಮಾಸ್ತರು ಹಿಂದೇಟು ಹಾಕಿದರೆ, ಅದರಲ್ಲಿ ಬರೆದದ್ದು ಸುಳ್ಳು ಎಂದು ಅರ್ಥವಲ್ಲ. ಟಪಾಲಿನಲ್ಲಿ ಇನ್‌ವರ್ಡ್ ನಂಬರ್ ಬಿದ್ದು ಸೀಲು ಒತ್ತಿದರೆ ಉತ್ತರ ಕೊಡಬೇಕಾಗುತ್ತದೆ. ಉತ್ತರ ಕೊಡಲು ಇಷ್ಟವಿಲ್ಲದಿದ್ದರೆ ಸುಲಭದ ದಾರಿ ಒಂದೇ, ಸೀಲು ಒತ್ತದಿರುವುದು. ಶ್ವೇತಭವನದಲ್ಲಿ ಆದದ್ದೂ ಅದೇ. ನನ್ನ ಪ್ರಕಾರ ಸರ್ಕಾರಿ ನಿರಾಕರಣೆಯ ನಿಜವಾದ ರೂಪ ಇದು. ಅದಕ್ಕೆ ಸತ್ಯದ ಜೊತೆ ಜಗಳ ಬೇಕಿಲ್ಲ. ಸತ್ಯ ಸರ್ಕಾರದ ಕಡತಕ್ಕೆ ಅಧಿಕೃತವಾಗಿ ಬರದಂತೆ ನೋಡಿಕೊಂಡರೆ ಸಾಕು. ಕಡತದಲ್ಲಿ ಇಲ್ಲದ್ದು ಸರ್ಕಾರಕ್ಕೆ "ಗೊತ್ತಿಲ್ಲ", ಗೊತ್ತಿಲ್ಲದ್ದಕ್ಕೆ ಕ್ರಮವೂ ಇಲ್ಲ.

ಕೊನೆಗೆ 2009ರ ಡಿಸೆಂಬರ್ 7ರಂದು, ಒಬಾಮ ಆಡಳಿತದಲ್ಲಿ ಇಪಿಎ ಮುಖ್ಯಸ್ಥೆಯಾಗಿದ್ದ ಲೀಸಾ ಜಾಕ್ಸನ್ ಸಹಿ ಹಾಕಿದರು. ಇಂಗಾಲದ ಡೈಆಕ್ಸೈಡ್, ಮೀಥೇನ್ ಸೇರಿ ಆರು ಬಗೆಯ ಅನಿಲಗಳು ಅಪಾಯಕಾರಿ ಎಂದು ದಾಖಲಾಯಿತು. ಕಾರು, ಲಾರಿಗಳ ಹೊಗೆ ಮಿತಿ ನಿಂತದ್ದು ಈ ಸಹಿಯ ಮೇಲೆ. ವಿದ್ಯುತ್ ಸ್ಥಾವರ, ತೈಲ ಬಾವಿಗಳ ನಿಯಮಗಳಿಗೂ ಮುಂದೆ ಇದೇ ವಿಜ್ಞಾನ ಆಧಾರವಾಯಿತು.

ಪೆನ್ನಿನ ತುದಿಯಲ್ಲಿ ಬದಲಾದ ಅರ್ಥ

ಇಮೇಲ್ ತೆರೆಯದಿರುವುದು ಒಂದು ವಿಧಾನ. ಅದಕ್ಕಿಂತ ಹಳೆಯದು ಪದ ತಿದ್ದುವುದು.

ಫಿಲಿಪ್ ಕೂನಿ ಎಂಬ ವಕೀಲರು ಬುಷ್ ಕಾಲದಲ್ಲಿ ಶ್ವೇತಭವನದ ಪರಿಸರ ಮಂಡಳಿಯಲ್ಲಿ ಮುಖ್ಯಾಧಿಕಾರಿಯಾಗಿದ್ದರು. ಅದಕ್ಕೆ ಮೊದಲು ಅವರು ಕೆಲಸ ಮಾಡುತ್ತಿದ್ದದ್ದು ತೈಲ ಕಂಪನಿಗಳ ಒಕ್ಕೂಟದಲ್ಲಿ. ಅವರು ವಿಜ್ಞಾನಿಯಲ್ಲ. ಆದರೂ ಸರ್ಕಾರಿ ವಿಜ್ಞಾನಿಗಳು ಬರೆದ ಹವಾಮಾನ ವರದಿಗಳ ಕರಡು ಅವರ ಮೇಜಿಗೆ ಬರುತ್ತಿತ್ತು. "ಅನಿಶ್ಚಿತತೆಗಳು" ಎಂಬ ಪದದ ಹಿಂದೆ ಕೈಬರಹದಲ್ಲಿ "ಗಣನೀಯ ಮತ್ತು ಮೂಲಭೂತ" ಎಂದು ಸೇರಿಸಿದರು. "ಕಷ್ಟ" ಎಂದಿದ್ದಲ್ಲಿ "ಅತ್ಯಂತ ಕಷ್ಟ" ಮಾಡಿದರು. 2005ರಲ್ಲಿ ಇದು ಪತ್ರಿಕೆಯಲ್ಲಿ ಬಯಲಾದ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಎಕ್ಸಾನ್‌ಮೊಬಿಲ್ ಸೇರಿದರು.

ಎರಡು ಪದಕ್ಕೆ ಇಷ್ಟು ಗಲಾಟೆ ಯಾಕೆ ಅನ್ನಿಸಬಹುದು. ವಿಜ್ಞಾನಿಗಳು ಅನಿಶ್ಚಿತತೆ ಎಂದಾಗ ಸಾಮಾನ್ಯವಾಗಿ ಹೇಳುವುದು ಪ್ರಮಾಣದ ಬಗ್ಗೆ: ಎಷ್ಟು ಬಿಸಿಯಾಗುತ್ತದೆ, ಎಷ್ಟು ಬೇಗ, ಯಾವ ಊರಿಗೆ ಎಷ್ಟು ಪೆಟ್ಟು. ಬಿಸಿಯಾಗುತ್ತಿದೆಯೋ ಇಲ್ಲವೋ ಎಂಬುದರ ಬಗ್ಗೆ ಅಲ್ಲ. "ಮೂಲಭೂತ" ಎಂದು ಸೇರಿಸಿದರೆ ಈ ಎರಡು ಬೇರೆ ಬೇರೆ ಅನುಮಾನಗಳು ಓದುವವರ ತಲೆಯಲ್ಲಿ ಒಂದಾಗಿಬಿಡುತ್ತವೆ. ಮಳೆ ಮಧ್ಯಾಹ್ನ ಬರುತ್ತದೋ ಸಂಜೆ ಬರುತ್ತದೋ ಗೊತ್ತಿಲ್ಲ ಎಂದು ರೈತ ಹೇಳಿದರೆ, ಮೋಡವೇ ಇಲ್ಲ ಎಂದು ಅರ್ಥ ಮಾಡಿಕೊಂಡ ಹಾಗೆ.

ಇದು ಒಬ್ಬರ ಕೈಚಳಕ ಮಾತ್ರ ಆಗಿರಲಿಲ್ಲ. 2002ರ ಸುಮಾರಿಗೆ ರಿಪಬ್ಲಿಕನ್ ಪಕ್ಷದ ಸಲಹೆಗಾರ ಫ್ರಾಂಕ್ ಲಂಟ್ಜ್ ತಮ್ಮವರಿಗೆ ಒಂದು ಟಿಪ್ಪಣಿ ಬರೆದಿದ್ದರು. ವಿಜ್ಞಾನ ಇನ್ನೂ ಖಚಿತವಾಗಿಲ್ಲ ಎಂಬ ಮಾತನ್ನೇ ಮುಖ್ಯ ವಿಷಯ ಮಾಡಿ ಎಂಬುದು ಅದರ ಸಲಹೆ. ಜನ ಒಮ್ಮೆ ವಿಜ್ಞಾನವನ್ನು ಖಚಿತ ಎಂದು ನಂಬಿದರೆ ಅವರ ಅಭಿಪ್ರಾಯವೂ ಬದಲಾಗುತ್ತದೆ ಎಂಬ ಭಯ ಅದರಲ್ಲಿ ಇತ್ತು. ತಾನು ಅಂದು ಹೇಳಿದ್ದು ತಪ್ಪು ಎಂದು ಲಂಟ್ಜ್ 2019ರಲ್ಲಿ ಸೆನೆಟ್ ಸದಸ್ಯರ ಮುಂದೆ ಒಪ್ಪಿಕೊಂಡರು. ಅಷ್ಟರಲ್ಲಿ ಹದಿನೇಳು ವರ್ಷ ಕಳೆದಿತ್ತು.

ಈಗ ಸರ್ಕಾರ ಕೊಡುವ ಕಾರಣಗಳು

2025ರ ಜುಲೈ 29ರಂದು ಇಪಿಎ ಮುಖ್ಯಸ್ಥ ಲೀ ಜೆಲ್ಡಿನ್ ರದ್ದತಿಯ ಪ್ರಸ್ತಾವ ಪ್ರಕಟಿಸಿದರು. ಅವರ ಕಡೆಯ ವಾದವನ್ನು ನ್ಯಾಯವಾಗಿಯೇ ಮುಂದಿಡೋಣ, ಅದರಲ್ಲಿ ಸುಲಭವಾಗಿ ತಳ್ಳಿಹಾಕಲಾಗದ ಅಂಶವೂ ಇದೆ.

ಅತಿ ಗಟ್ಟಿಯಾದದ್ದು ಕಾನೂನಿನ ವಾದ. 1970ರ ಕಾಯ್ದೆ ಮಾಡಿದವರ ತಲೆಯಲ್ಲಿ ಇದ್ದದ್ದು ಮೂಗಿಗೆ, ಶ್ವಾಸಕೋಶಕ್ಕೆ ನೇರವಾಗಿ ತಾಗುವ ಸ್ಥಳೀಯ ಹೊಗೆ. ಇಡೀ ಭೂಮಿಯ ಹವಾಮಾನ ಅಂದರೆ ಬಹಳ ದೊಡ್ಡ ವಿಷಯ. ಅಂಥ ದೊಡ್ಡ ವಿಷಯಕ್ಕೆ ಸಂಸತ್ತು ಸ್ಪಷ್ಟವಾಗಿ ಅಧಿಕಾರ ಕೊಡಬೇಕು, ಇಲಾಖೆ ತಾನಾಗಿ ಎಳೆದುಕೊಳ್ಳಬಾರದು. 2022ರಲ್ಲಿ ವೆಸ್ಟ್ ವರ್ಜೀನಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ಧಾಟಿಯಲ್ಲಿ ಮಾತನಾಡಿದೆ. 2024ರ ಇನ್ನೊಂದು ತೀರ್ಪಿನಲ್ಲಿ, ಕಾನೂನು ಅಸ್ಪಷ್ಟವಾಗಿದ್ದರೆ ಇಲಾಖೆ ಹೇಳಿದ ಅರ್ಥಕ್ಕೆ ಮಣೆ ಹಾಕುವ ಹಳೆಯ ಪದ್ಧತಿಯನ್ನೂ ಕೈಬಿಟ್ಟಿದೆ.

ಇದಕ್ಕೆ ವಿರೋಧಿಗಳ ಉತ್ತರ ಕಾಯ್ದೆಯಲ್ಲೇ ಇದೆ. "ಕ್ಷೇಮ" ಅಂದರೆ ಏನೇನು ಎಂದು ಕಾಯ್ದೆ ಪಟ್ಟಿ ಕೊಡುತ್ತದೆ. ಮಣ್ಣು, ನೀರು, ಬೆಳೆ, ಪ್ರಾಣಿಗಳ ಜೊತೆಗೆ ಅಲ್ಲಿ "ಹವೆ" ಮತ್ತು "ಹವಾಮಾನ" ಎಂಬ ಪದಗಳೂ ಇವೆ. ಬರೀ ಊರಿನ ಹೊಗೆಯೇ ಉದ್ದೇಶವಾಗಿದ್ದರೆ ಆ ಪದ ಅಲ್ಲಿ ಯಾಕೆ ಇರಬೇಕು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ತೃಪ್ತಿಯ ಉತ್ತರ ನನಗೆ ಇನ್ನೂ ಕಂಡಿಲ್ಲ.

ಸರ್ಕಾರದ ಇನ್ನೊಂದು ಮಾತು: ಅಮೆರಿಕದ ವಾಹನಗಳ ಹೊಗೆ ನಿಲ್ಲಿಸಿದರೂ ಭೂಮಿಯ ಉಷ್ಣಾಂಶದಲ್ಲಿ ಅಳತೆಗೆ ಸಿಗುವಷ್ಟು ವ್ಯತ್ಯಾಸ ಆಗುವುದಿಲ್ಲ, ಖರ್ಚು ಮಾತ್ರ ಜಾಸ್ತಿ. ಹೊಸ ಕಾರುಗಳ ಬೆಲೆ ಏರಿದೆ ಎಂಬ ಮಧ್ಯಮ ವರ್ಗದ ಸಂಕಟವೂ ಇದರ ಹಿಂದೆ ಇದೆ, ಅದನ್ನು ಹಗುರವಾಗಿ ನೋಡಬಾರದು. ಆದರೆ ಅಮೆರಿಕದ ಹಸಿರುಮನೆ ಅನಿಲದಲ್ಲಿ ಸಾರಿಗೆಯ ಪಾಲು ನಾಲ್ಕನೇ ಒಂದಕ್ಕಿಂತ ಜಾಸ್ತಿ. ಕೈಗಾರಿಕೆ ಶುರುವಾದಾಗಿನಿಂದ ಜಗತ್ತು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಆ ಒಂದೇ ದೇಶದ್ದು. ಅಷ್ಟು ಪಾಲಿನವರೇ "ನಮ್ಮದು ಚಿಕ್ಕದು" ಎಂದರೆ ಉಳಿದ ಯಾವ ದೇಶವನ್ನು ಯಾವ ಬಾಯಲ್ಲಿ ಕೇಳುವುದು?

ಐವರ ವರದಿ

ಪ್ರಸ್ತಾವ ಬಂದ ದಿನವೇ ಅಮೆರಿಕದ ಇಂಧನ ಇಲಾಖೆ ಒಂದು ವರದಿ ಬಿಡುಗಡೆ ಮಾಡಿತು. ಇಂಧನ ಸಚಿವ ಕ್ರಿಸ್ ರೈಟ್ ಆರಿಸಿದ ಐದು ಜನ ಅದನ್ನು ಬರೆದಿದ್ದರು: ಜಾನ್ ಕ್ರಿಸ್ಟಿ, ಜುಡಿತ್ ಕರಿ, ಸ್ಟೀವನ್ ಕೂನಿನ್, ರಾಸ್ ಮೆಕಿಟ್ರಿಕ್, ರಾಯ್ ಸ್ಪೆನ್ಸರ್. ಐವರೂ ಓದಿಕೊಂಡವರು, ಹವಾಮಾನ ವಿಜ್ಞಾನದ ಮುಖ್ಯ ಅಭಿಪ್ರಾಯವನ್ನು ಬಹಳ ಕಾಲದಿಂದ ಪ್ರಶ್ನಿಸುತ್ತಾ ಬಂದವರು. ಭೂಮಿ ಬಿಸಿಯಾಗುತ್ತಿಲ್ಲ ಎಂದು ಅವರೂ ಹೇಳಲಿಲ್ಲ. ಹೇಳಿದಷ್ಟು ಹಾನಿಯಿಲ್ಲ, ಇಂಗಾಲದ ಡೈಆಕ್ಸೈಡ್‌ನಿಂದ ಗಿಡಗಳಿಗೆ ಲಾಭವೂ ಇದೆ ಎಂಬ ಧಾಟಿ ಅವರದು.

ಐದೇ ವಾರದಲ್ಲಿ 85ಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ 400ಕ್ಕೂ ಹೆಚ್ಚು ಪುಟಗಳ ಉತ್ತರ ಬರೆದರು. ಅನುಕೂಲವಾದ ಅಧ್ಯಯನಗಳನ್ನು ಮಾತ್ರ ಆರಿಸಿದ್ದಾರೆ, ಅಂಕಿಅಂಶಗಳನ್ನು ತಪ್ಪಾಗಿ ಬಿಂಬಿಸಿದ್ದಾರೆ ಎಂದು ಅಧ್ಯಾಯವಾರು ತೋರಿಸಿದರು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೂ ಬಂತು. ಮನುಷ್ಯರಿಂದ ಬರುವ ಹಸಿರುಮನೆ ಅನಿಲಗಳಿಂದ ಆಗುವ ಹಾನಿಗೆ ಇರುವ ಪುರಾವೆ ವೈಜ್ಞಾನಿಕ ವಿವಾದವನ್ನು ಮೀರಿದ್ದು, 2009ರ ತೀರ್ಮಾನ ಸರಿಯಿತ್ತು, ಆಮೇಲೆ ಪುರಾವೆ ಇನ್ನೂ ಗಟ್ಟಿಯಾಗಿದೆ ಎಂದು ಅದು ಹೇಳಿತು. ಸರ್ಕಾರಿ ಸಲಹಾ ಸಮಿತಿಗಳು ಬಹಿರಂಗವಾಗಿ, ಎಲ್ಲ ಅಭಿಪ್ರಾಯದವರನ್ನೂ ಸೇರಿಸಿಕೊಂಡು ನಡೆಯಬೇಕು ಎಂಬ ಕಾನೂನು ಅಲ್ಲಿದೆ. ಅದನ್ನು ಮುರಿದಿದ್ದಾರೆ ಎಂದು ದಾವೆ ಬಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಐವರ ಗುಂಪನ್ನು ವಿಸರ್ಜಿಸಲಾಯಿತು.

ಜುಲೈ ಪ್ರಸ್ತಾವದಲ್ಲಿ ವಿಜ್ಞಾನದ ಮೇಲಿನ ಅನುಮಾನವೂ ಒಂದು ಕಾರಣವಾಗಿತ್ತು. ಫೆಬ್ರವರಿಯ ಅಂತಿಮ ಆದೇಶ ಮುಖ್ಯವಾಗಿ ಕಾನೂನಿನ ವಾದದ ಮೇಲೆ ನಿಂತಿತು. ಇದು ಸಣ್ಣ ಬದಲಾವಣೆ ಅಲ್ಲ. ವಿಜ್ಞಾನದ ಕಣದಲ್ಲಿ ಗೆಲ್ಲುವುದು ಕಷ್ಟ ಎಂದಾದಾಗ, ಆ ಪ್ರಶ್ನೆಗೆ ಉತ್ತರಿಸುವ ಜವಾಬ್ದಾರಿಯೇ ನಮಗಿಲ್ಲ ಎನ್ನುವ ಕಡೆಗೆ ವಾದ ಸರಿಯಿತು. ತೆರೆಯದ ಇಮೇಲ್‌ನ ದಾರಿಯೇ ಇದು. ಈ ಸಲ ಅದಕ್ಕೆ ಆದೇಶದ ರೂಪ ಸಿಕ್ಕಿದೆ.

ಅಳತೆಯೇ ನಿಂತರೆ

ರದ್ದತಿಯಷ್ಟೇ ಚಿಂತೆಯ ವಿಷಯ ಅದರ ಸುತ್ತ ನಡೆದದ್ದು. ಅಮೆರಿಕದ ರಾಷ್ಟ್ರೀಯ ಹವಾಮಾನ ವರದಿಗೆ ದುಡಿಯುತ್ತಿದ್ದ ಸುಮಾರು 400 ಜನರನ್ನು 2025ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಲಾಯಿತು. ಹಳೆಯ ವರದಿಗಳಿದ್ದ ಜಾಲತಾಣ ಆ ಬೇಸಿಗೆಯಲ್ಲಿ ಮುಚ್ಚಿತು. ನೂರು ಕೋಟಿ ಡಾಲರ್ ಮೀರಿ ನಷ್ಟ ಮಾಡಿದ ಪ್ರತಿ ವಿಕೋಪವನ್ನೂ 1980ರಿಂದ ಲೆಕ್ಕ ಇಡುತ್ತಿದ್ದ ನೋವಾದ (ಸಾಗರ ಮತ್ತು ವಾತಾವರಣ ಅಧ್ಯಯನದ ಅಮೆರಿಕ ಸರ್ಕಾರಿ ಸಂಸ್ಥೆ) ಪಟ್ಟಿ ಮೇ ತಿಂಗಳಲ್ಲಿ ನಿಂತಿತು. ದೊಡ್ಡ ಕಾರ್ಖಾನೆಗಳು ವರ್ಷಕ್ಕೊಮ್ಮೆ ತಮ್ಮ ಅನಿಲದ ಲೆಕ್ಕ ಕೊಡಬೇಕು ಎಂಬ ನಿಯಮವನ್ನು ಬಹುಪಾಲು ಕೈಬಿಡುವ ಪ್ರಸ್ತಾವ ಸೆಪ್ಟೆಂಬರ್‌ನಲ್ಲಿ ಬಂತು.

ಇದರಲ್ಲಿ ಹವಾಯಿಯ ಮೌನಾ ಲೋವಾ ಕೇಂದ್ರದ ಮಾತು ಬೇರೆಯೇ. ಜ್ವಾಲಾಮುಖಿಯ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ, 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇತ್ತು. 2025ರ ಮೇ ತಿಂಗಳಲ್ಲಿ 430 ದಾಟಿತು. ಈ ಅಳತೆಗಳ ಸಾಲಿನಲ್ಲಿ ಒಂದು ಸಣ್ಣ ಖಾಲಿ ಜಾಗ ಇದೆ: 1964ರಲ್ಲಿ ಹಣ ಕಡಿತವಾಗಿ ಕೆಲವು ವಾರ ಅಳತೆ ನಿಂತಿತ್ತು. 2022ರ ನವೆಂಬರ್‌ನಲ್ಲಿ ಜ್ವಾಲಾಮುಖಿ ಸಿಡಿದು ಲಾವಾ ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ನುಂಗಿದಾಗ, ಸಿಬ್ಬಂದಿ ಪಕ್ಕದ ಮೌನಾ ಕೆಯಾ ಬೆಟ್ಟಕ್ಕೆ ಹೋಗಿ ಅಳತೆ ಮುಂದುವರಿಸಿದರು. ಇಂಥ ಕೇಂದ್ರವನ್ನು ನಡೆಸುವ ನೋವಾದ ಸಂಶೋಧನಾ ವಿಭಾಗಕ್ಕೇ ಹಣ ನಿಲ್ಲಿಸಬೇಕು ಎಂಬ ಪ್ರಸ್ತಾವ 2026ರ ಬಜೆಟ್‌ನಲ್ಲಿ ಇತ್ತು. ಬಜೆಟ್‌ನಲ್ಲಿ ಕೊನೆಯ ಮಾತು ಸಂಸತ್ತಿನದು, ನಿಜ. ಆದರೆ ತಪ್ಪಿಹೋದ ದಿನದ ಗಾಳಿಯನ್ನು ಮುಂದಿನ ವರ್ಷ ಎಷ್ಟು ಹಣ ಕೊಟ್ಟರೂ ಅಳೆಯಲು ಆಗುವುದಿಲ್ಲ.

ಉದ್ಯಮಕ್ಕೆ ಇದು ಖುಷಿಯ ಸುದ್ದಿಯಾ?

ಪೂರ್ತಿ ಅಲ್ಲ. ಕಾರು ಕಂಪನಿಗಳು ಒಂದು ಮಾದರಿಯನ್ನು ರೂಪಿಸಿ ರಸ್ತೆಗಿಳಿಸಲು ಹಲವು ವರ್ಷ ಬೇಕು. ಅಧ್ಯಕ್ಷರು ಬದಲಾದಾಗಲೆಲ್ಲ ನಿಯಮ ಬದಲಾದರೆ ಯಾವ ಎಂಜಿನ್ ಮೇಲೆ ಹಣ ಹಾಕುವುದು? ಯುರೋಪು, ಚೀನಾ ಮಾರುಕಟ್ಟೆಗಳು ಬೇರೆ ದಿಕ್ಕಿಗೆ ಹೋಗುತ್ತಿರುವಾಗ ಈ ತಲೆನೋವು ಇನ್ನೂ ಜಾಸ್ತಿ.

ತೈಲ ಮತ್ತು ವಿದ್ಯುತ್ ಕಂಪನಿಗಳಿಗೆ ಬೇರೆಯೇ ಭಯ. 2011ರಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಹಾನಿಗಾಗಿ ವಿದ್ಯುತ್ ಕಂಪನಿಗಳ ಮೇಲೆ ರಾಜ್ಯಗಳು ಹಾಕಿದ್ದ ದಾವೆಯನ್ನು ತಳ್ಳಿಹಾಕಿತ್ತು. ಕಾರಣ: ಇದನ್ನು ನಿಯಂತ್ರಿಸುವ ಅಧಿಕಾರ ಇಪಿಎಗೆ ಇದೆ, ಹಾಗಾಗಿ ಕೋರ್ಟಿಗೆ ಬರಬೇಕಿಲ್ಲ. ಈಗ ಇಪಿಎ ತಾನೇ "ನಮಗೆ ಅಧಿಕಾರ ಇಲ್ಲ" ಎಂದರೆ ಆ ಗುರಾಣಿ ಸಡಿಲವಾಗುತ್ತದೆ. ಒಂದು ಕೇಂದ್ರೀಯ ನಿಯಮದ ಜಾಗದಲ್ಲಿ ಹತ್ತಾರು ರಾಜ್ಯಗಳ ನಿಯಮ, ನೂರಾರು ದಾವೆ ಎದುರಿಸಬೇಕಾಗಬಹುದು.

ನಮ್ಮ ಮುಂಗಾರಿಗೂ ಇದಕ್ಕೂ

ವಾಷಿಂಗ್ಟನ್ನಿನ ಕಡತಕ್ಕೂ ಕರ್ನಾಟಕದ ಹೊಲಕ್ಕೂ ನಂಟು ಇರುವುದು ಅಳತೆಯ ವಿಷಯದಲ್ಲಿ. ಭಾರತದ ಹವಾಮಾನ ಇಲಾಖೆ ಮುಂಗಾರು ಮುನ್ಸೂಚನೆಗೆ ಬಳಸುವ ಮುಖ್ಯ ಮಾದರಿಗಳಲ್ಲೊಂದು ಅಮೆರಿಕದ ಮಾದರಿಯ ಮೇಲೆ ಕಟ್ಟಿದ್ದು. ಹಿಂದೂ ಮಹಾಸಾಗರದಲ್ಲಿ ಲಂಗರು ಹಾಕಿ ನಿಲ್ಲಿಸಿದ, ನೀರಿನ ಬಿಸಿ ಮತ್ತು ಗಾಳಿಯ ವೇಗ ಕಳಿಸುವ ತೇಲುಯಂತ್ರಗಳ ಜಾಲವನ್ನು ನೋವಾ ಮತ್ತು ಭಾರತದ ಸಂಸ್ಥೆಗಳು ಕೈಜೋಡಿಸಿ ನಡೆಸುತ್ತಾ ಬಂದಿವೆ. ಪೆಸಿಫಿಕ್‌ನಲ್ಲಿ ಎಲ್ ನಿನೊ, ಅಂದರೆ ಅಲ್ಲಿನ ನೀರು ಮಾಮೂಲಿಗಿಂತ ಬಿಸಿಯಾಗುವುದು, ಎದ್ದಿತೇ ಎಂದು ಜಗತ್ತಿಗೆ ತಿಳಿಯುವುದೂ ಬಹುಮಟ್ಟಿಗೆ ಇಂಥದ್ದೇ ಯಂತ್ರಗಳಿಂದ.

ಎಲ್ ನಿನೊ ಅಂದರೆ ಏನು ಎಂದು 2023ರಲ್ಲಿ ನಮ್ಮ ರೈತರು ನೋಡಿದ್ದಾರೆ. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಎಲ್ ನಿನೊ ಬರಬಹುದು ಎಂಬ ಸೂಚನೆ ಏಪ್ರಿಲ್‌ನಲ್ಲೇ ಇತ್ತು. ಬಿತ್ತನೆ ತಡ ಮಾಡಬೇಕೋ, ರಾಗಿ ಹಾಕಬೇಕೋ ಬೇರೆ ಏನಾದರೂ ಹಾಕಬೇಕೋ, ಕೆರೆಯ ನೀರು ಎಷ್ಟು ಉಳಿಸಬೇಕೋ ಎಂದು ಯೋಚಿಸಲು ಇಂಥ ಸೂಚನೆಯೇ ಆಧಾರ. ನೋವಾದಲ್ಲಿ 2025ರಲ್ಲಿ ನೂರಾರು ಜನರನ್ನು ಕೆಲಸದಿಂದ ತೆಗೆದಾಗ ಅದು ಅಮೆರಿಕದ ಒಳಜಗಳ ಎಂದು ನಾವು ಸುಮ್ಮನಿರುವ ಹಾಗಿಲ್ಲ, ಅಲ್ವಾ? ಭಾರತ ತನ್ನದೇ ತೇಲುಯಂತ್ರ, ತನ್ನದೇ ಮಾದರಿಗಳ ಮೇಲೆ ಇನ್ನೂ ಹೆಚ್ಚು ಹಣ ಹಾಕಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕೋರ್ಟಿನಲ್ಲಿ ಏನಾಗಬಹುದು?

ರದ್ದತಿಯ ವಿರುದ್ಧ ರಾಜ್ಯಗಳು, ಆರೋಗ್ಯ ಮತ್ತು ಪರಿಸರ ಸಂಘಟನೆಗಳು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿವೆ. ಅಲ್ಲಿ ಯಾರು ಸೋತರೂ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತುವ ಸಾಧ್ಯತೆಯೇ ಜಾಸ್ತಿ.

ಆದೇಶದ ಆಧಾರ ಕಾನೂನೋ ವಿಜ್ಞಾನವೋ ಎಂಬುದು ಅಲ್ಲಿ ಬಹಳ ಮುಖ್ಯವಾಗುತ್ತದೆ. ವಿಜ್ಞಾನ ಸಾಲದು ಎಂಬ ಕಾರಣಕ್ಕೆ ರದ್ದು ಮಾಡಿದ್ದರೆ, ಮುಂದೆ ಬರುವ ಅಧ್ಯಕ್ಷರು ಪುರಾವೆ ಮುಂದಿಟ್ಟು ಹೊಸದಾಗಿ ಅಪಾಯ ನಿರ್ಣಯ ಬರೆಯಬಹುದಿತ್ತು. ಕಾನೂನೇ ಅಧಿಕಾರ ಕೊಟ್ಟಿಲ್ಲ ಎಂದು ಸುಪ್ರೀಂ ಕೋರ್ಟ್ ಒಪ್ಪಿಬಿಟ್ಟರೆ ಆ ದಾರಿ ಮುಚ್ಚುತ್ತದೆ. ಯಾವ ಪಕ್ಷದ ಅಧ್ಯಕ್ಷರು ಬಂದರೂ ಈ ಕಾಯ್ದೆಯಡಿ ವಾಹನಗಳ ಇಂಗಾಲಕ್ಕೆ ಮಿತಿ ಹಾಕಲು ಆಗುವುದಿಲ್ಲ. ಸಂಸತ್ತು ಹೊಸ ಕಾಯ್ದೆ ಮಾಡಬೇಕು.

ಹಾಗೆ ಒಪ್ಪಬೇಕಾದರೆ ಕೋರ್ಟ್ ತನ್ನದೇ 2007ರ ತೀರ್ಪನ್ನು ಕೈಬಿಡಬೇಕು, ಇಲ್ಲವೇ ಬಹಳ ಕಿರಿದಾಗಿ ಓದಬೇಕು. ಅಂದು ಬಹುಮತದಲ್ಲಿದ್ದ ಐವರು ನ್ಯಾಯಮೂರ್ತಿಗಳಲ್ಲಿ ಇಂದು ಒಬ್ಬರೂ ಪೀಠದಲ್ಲಿಲ್ಲ. ವಿರೋಧಿಸಿದ್ದ ನಾಲ್ವರಲ್ಲಿ ಮೂವರು, ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಕ್ಲಾರೆನ್ಸ್ ಥಾಮಸ್ ಮತ್ತು ಸ್ಯಾಮ್ಯುಯೆಲ್ ಅಲಿಟೊ, ಈ ರದ್ದತಿ ನಡೆದಾಗಲೂ ಅದೇ ಪೀಠದಲ್ಲಿದ್ದರು.